ಮೇಲೆ ನಿಂತ ಇನ್ನಾಸಪ್ಪ

ಒಳ್ಳೆಯವರು ಎಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ತಲೆ ನರೆಸಿಕೊಂಡವನು ನಾನು. ಎಷ್ಟೇ ಬೆಳ್ಳಗೆ ಕಂಡರೂ ಮೂಸಿ ನೋಡದೆ ಒಂದು ಕೊಬ್ಬರಿ ಗಿಟುಕನ್ನೂ ಕೊಂಡವನಲ್ಲ. ಹಾಗಾಗಿ ಅಗ್ನಿಶಾಮಕ ದಳದ ಇನ್ನಾಸಪ್ಪನನ್ನು ಜನ ದೇವರಂಥ ಮನುಷ್ಯ ಎಂದು ಹೊಗಳುವಾಗಲೆಲ್ಲ ನಾನು ಮೂಗು ಮುರಿಯುತ್ತಿದ್ದೆ. ಬೆಂಕಿ ಆರಿಸುವುದಕ್ಕೆ ಸರ್ಕಾರ ಸಂಬಳ ಕೊಡುತ್ತದೆ, ಅದರಲ್ಲಿ ದೇವರ ಮಾತು ಯಾಕೆ ಬಂತು ಎಂದು ವಾದ ಹೂಡುತ್ತಿದ್ದೆ.

ಇನ್ನಾಸಪ್ಪ ನಮ್ಮ ಸೀಮೆಯ ಹಳೆಯ ಕ್ರೈಸ್ತ ಮನೆತನದವನು. ಸಾಧಾರಣ ಆಳು, ಮಾತು ಮೆತ್ತಗೆ. ಸಹಾಯಕ ಠಾಣಾಧಿಕಾರಿ ಎಂದು ಎದೆಯ ಮೇಲೆ ಬರೆದಿದ್ದರೂ ನೋಡಿದವರು ಅವನನ್ನು ಠಾಣೆಯ ಅಡುಗೆಯವನು ಅಂದುಕೊಳ್ಳಬೇಕು, ಹಾಗಿದ್ದ. ಕೈಕೆಳಗಿನವರನ್ನು ಏಕವಚನದಲ್ಲಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಅವರ ಚರ್ಚಿನಲ್ಲಿ ಪಾದ್ರಿಗಳು ಬಡಬಗ್ಗರ ಪಾದ ತೊಳೆಯುವ ಪದ್ಧತಿ ಉಂಟಂತೆ. ಯೇಸುಸ್ವಾಮಿ ತನ್ನ ಶಿಷ್ಯರ ಪಾದ ತೊಳೆದ ದಿನ ಅದು. ಇವನು ಚರ್ಚಿಗೆ ಹೋಗುವ ಮೊದಲು ಠಾಣೆಯ ಹಿಂದಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತನ್ನ ಹುಡುಗರೆಲ್ಲರ ಬೂಟು ತೊಳೆದು ಒಣಗಲು ಇಡುತ್ತಿದ್ದ. "ಏನ್ರೀ, ಸಾಹೇಬ್ರು ಬಡ್ತಿ ತಗೊಂಡು ಅಗಸರಾದ್ರಾ?" ಎಂದು ನಾನು ಒಮ್ಮೆ ಕೆಣಕಿದೆ. ಅವನು ನಕ್ಕು, ನನ್ನ ಚಪ್ಪಲಿಯ ಕಡೆ ಕೈ ಚಾಚಿದ. ನಾನು ಹೌಹಾರಿ ಕಾಲು ಹಿಂದಕ್ಕೆ ಎಳೆದುಕೊಂಡೆ.

ಈ ಸ್ವಭಾವಕ್ಕೆ ಕಾರಣ ಅವನ ತಂದೆ. ತಂದೆ ಪೊಲೀಸ್ ಪೇದೆಯಾಗಿದ್ದರೂ ಕೆಲಸ ಮಾಡಿದ್ದೆಲ್ಲ ದೊಡ್ಡ ಅಧಿಕಾರಿಗಳ ಮನೆಯಲ್ಲಿ, ನಾಯಿ ತಿರುಗಾಡಿಸುತ್ತಾ, ತರಕಾರಿ ಹೊರುತ್ತಾ. ಹೆಂಡತಿ ಮಕ್ಕಳ ಎದುರಿಗೇ ಬೈಸಿಕೊಂಡು ಸಲ್ಯೂಟ್ ಹೊಡೆಯುತ್ತಿದ್ದರಂತೆ. ಅದನ್ನು ನೋಡಿ ಬೆಳೆದ ಇನ್ನಾಸಪ್ಪ, ತನ್ನ ಕೈಗೆ ಅಧಿಕಾರ ಬಂದರೆ ಯಾರನ್ನೂ ಗದರುವುದಿಲ್ಲ ಎಂದು ಶಿಲುಬೆಯ ಮುಂದೆ ಮಾತು ಕೊಟ್ಟಿದ್ದ. ಕಷ್ಟದ ಕೆಲಸ ಬಂದಾಗ ಹುಡುಗರನ್ನು ಕಳಿಸದೆ ತಾನೇ ನುಗ್ಗುತ್ತಿದ್ದುದೂ ಆ ಮಾತಿನಿಂದಲೇ. ಬಾವಿಗೆ ಬಿದ್ದವರನ್ನು ಎತ್ತುವಾಗ ಹಿರಿಯನಾದವನು ಮೇಲೆ ನಿಂತು ಹಗ್ಗವನ್ನೂ ಜನರನ್ನೂ ನೋಡಿಕೊಳ್ಳಬೇಕು, ಕಿರಿಯನು ಇಳಿಯಬೇಕು ಎಂಬುದು ಅವರ ಇಲಾಖೆಯ ರೂಢಿ. ಇನ್ನಾಸಪ್ಪ ಯಾವತ್ತೂ ಮೇಲೆ ನಿಂತವನಲ್ಲ. "ಅಣ್ಣ ಇರೋವಾಗ ನಾವು ಬಾವಿ ತಳ ನೋಡಿದ್ದೇ ಇಲ್ಲ" ಎಂದು ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಮಾದಿಹಳ್ಳಿ ಕಡೆಯ ಒಂದು ತೋಟಕ್ಕೆ ನಾನು ಅಟ್ಟದ ಕೊಬ್ಬರಿ ನೋಡಲು ಹೋಗಿದ್ದ ದಿನ ಪಕ್ಕದ ತೋಟದಿಂದ ಬೊಬ್ಬೆ ಕೇಳಿಸಿತು. ನಾನೂ ತೋಟದವರೂ ಓಡಿದೆವು. ಬೇಸಿಗೆಯಲ್ಲಿ ನೀರು ಕೆಳಗೆ ಹೋಗಿದ್ದರಿಂದ ಲಕ್ಕಪ್ಪ ಎಂಬ ರೈತ ಡೀಸೆಲ್ ಪಂಪನ್ನು ಬಾವಿಯೊಳಗಿನ ಕಲ್ಲುಹಾಸಿನ ಮೇಲೆ ಇಳಿಸಿಕೊಂಡು ಚಾಲೂ ಮಾಡಿದ್ದ. ಇಂಜಿನ್ನಿನ ಹೊಗೆ ಮೇಲೆ ಬರಲು ದಾರಿ ಇಲ್ಲದೆ ಬಾವಿ ತುಂಬಿಕೊಂಡಿತ್ತು. ಆ ಹೊಗೆ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಎರಡು ಉಸಿರು ಎಳೆದರೆ ಕೈಕಾಲು ಬೀಳುತ್ತದೆ. ಲಕ್ಕಪ್ಪ ಕಲ್ಲುಹಾಸಿನ ಮೇಲೆ ಮುದುಡಿ ಬಿದ್ದಿದ್ದ.

ಇನ್ನಾಸಪ್ಪನ ಗಾಡಿ ಬಂತು. ಜೊತೆಗೆ ಡ್ರೈವರ್ ದೇವರಾಜ್, ಕೆಲಸಕ್ಕೆ ಹೊಸದಾಗಿ ಸೇರಿದ್ದ ಸುನಿಲ್. ಇನ್ನಾಸಪ್ಪ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಉಸಿರಾಟದ ಸಿಲಿಂಡರ್ ಬೆನ್ನಿಗೆ ಕಟ್ಟಿ, ಸೇರಿದ್ದ ಜನಕ್ಕೆ ಕೈ ಮುಗಿದ. "ದಯವಿಟ್ಟು ಯಾರೂ ಇಳೀಬೇಡಿ ಕಣ್ರಪ್ಪ. ನಾನು ತತ್ತೀನಿ" ಎಂದ. ದನಿ ಎಷ್ಟು ಮೆತ್ತಗಿತ್ತೆಂದರೆ ಹಿಂದಿನ ಸಾಲಿನವರಿಗೆ ಕೇಳಿಸಲೇ ಇಲ್ಲ.

ಅವನು ಕೆಳಗಿಳಿದು ಲಕ್ಕಪ್ಪನ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದ. ಲಕ್ಕಪ್ಪನ ಕಾಲು ಪೈಪಿನಡಿ ಸಿಕ್ಕಿಕೊಂಡು ತಡವಾಯಿತು. ಅಷ್ಟರಲ್ಲಿ ಲಕ್ಕಪ್ಪನ ತಮ್ಮ ಹನುಮಯ್ಯ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ನಮ್ಮಣ್ಣ ಸಾಯ್ತಾವ್ನೆ, ನೋಡ್ಕೊಂಡು ನಿಂತಿದ್ದೀರಲ್ಲಾ, ನೀವೆಲ್ಲ ಗಂಡಸ್ರೇನ್ಲಾ!" ಎಂದು ಕೂಗಾಡಿದ. ಸುನಿಲ್ ಅಡ್ಡ ನಿಂತು "ಇಳೀಬೇಡಿ ಅಣ್ಣಾ, ಹೊಗೆ ಐತೆ" ಎಂದ. ಮೀಸೆ ಚಿಗುರಿದ ಹುಡುಗನ ಮಾತನ್ನು ಯಾರು ಕೇಳುತ್ತಾರೆ? ಹನುಮಯ್ಯ ಅವನನ್ನು ನೂಕಿ ಬಾವಿಯ ಗೋಡೆಯ ಕಲ್ಲುಗಳ ಮೇಲೆ ಕಾಲಿಟ್ಟು ಸರಸರ ಇಳಿದ. ಅರ್ಧಕ್ಕೆ ಹೋಗಿರಬೇಕು, ಕೈ ಸಡಿಲವಾಗಿ ನೇರ ನೀರಿಗೆ ಬಿದ್ದ. ಸುನಿಲ್ ಇನ್ನೊಂದು ಸಿಲಿಂಡರ್ ಕಟ್ಟಿಕೊಂಡು ಇಳಿದು ಎತ್ತುವಷ್ಟರಲ್ಲಿ ಅವನ ಜೀವ ಹೋಗಿತ್ತು.

ಲಕ್ಕಪ್ಪ ಬದುಕಿದ. ಜನ ಇನ್ನಾಸಪ್ಪನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಬಂದರು. ಪ್ರಾಣದ ಹಂಗು ತೊರೆದು ಇಳಿದ ಅಧಿಕಾರಿ ಎಂದು ಪತ್ರಿಕೆಯಲ್ಲಿ ಫೋಟೋ ಬಂತು. ಸತ್ತವನದೇ ತಪ್ಪು, ಹೇಳಿದ ಮಾತು ಕೇಳಲಿಲ್ಲ ಎಂದು ಊರೂ ಇಲಾಖೆಯೂ ತೀರ್ಮಾನ ಮಾಡಿದವು. ನಾನೂ ಹಾಗೇ ಅಂದುಕೊಂಡೆ.

ಇನ್ನಾಸಪ್ಪ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹನುಮಯ್ಯನ ತಾಯಿ ಮಾದಮ್ಮನ ಮುಂದೆ ಹೋಗಿ ಕೂತು, "ಅವ್ವಾ, ನಾನು ಮ್ಯಾಲಿದ್ದಿದ್ರೆ ನಿನ್ನ ಮಗ ಇಳೀತಿರ್ಲಿಲ್ಲ. ತಡೆಯೋದು ನನ್ನ ಕೆಲಸ. ನಾನು ಮಾಡ್ಲಿಲ್ಲ" ಎಂದನಂತೆ. ಆ ಮುದುಕಿ ದಿಟ್ಟಿಸಿ ನೋಡಿ, "ಒಬ್ಬನ್ನಾದ್ರೂ ಉಳಿಸ್ಕೊಟ್ಟೆಯಲ್ಲಪ್ಪ" ಎಂದು ಅವನ ತಲೆ ನೇವರಿಸಿದಳಂತೆ. ಅವಳು ಬೈದಿದ್ದರೆ ಅವನು ಎದ್ದು ಮನೆಗೆ ಬರುತ್ತಿದ್ದನೋ ಏನೋ. ನೇವರಿಸಿದ್ದು ಅವನನ್ನು ಮುರಿದು ಹಾಕಿತು.

ನನಗೆ ಸಿಟ್ಟು ಬಂತು. ಸಂತೆಯ ದಿನ ಸಿಕ್ಕಾಗ, "ಹೋಗಿ ಹೋಗಿ ಆ ತಾಯಿ ಹತ್ರ ಯಾಕ್ರೀ ಹೇಳಿದ್ರಿ? ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕಾ?" ಎಂದು ಕೇಳಿಯೇಬಿಟ್ಟೆ.

"ಹಗುರ ಎಲ್ಲಾಯ್ತು ಷಡಕ್ಷರಪ್ಪನೋರೆ" ಎಂದ. "ನಮ್ಮ ಚರ್ಚಿನ ಸ್ವಾಮಿಗಳ ಹತ್ರ ಪಾಪನಿವೇದನೆಗೂ ಹೋಗಿದ್ದೆ. ಇಳಿದು ಒಂದು ಜೀವ ಉಳಿಸಿದ್ದು ಪಾಪ ಅಲ್ಲ ಮಗನೇ ಅಂದ್ರು. ಅದೇ ನನಗೆ ಸಂಕಟ. ಪಾಪ ಆಗಿದ್ರೆ ಕ್ಷಮೆ ಸಿಕ್ತಿತ್ತು."

ಅವನೇ ಮುಂದುವರಿಸಿದ. "ಇಳಿಯೋದು ನನಗೆ ಸಲೀಸು. ಜನ ಒಳ್ಳೇನು ಅಂತಾರೆ. ಮ್ಯಾಲೆ ನಿಂತು ಇನ್ನೊಬ್ಬನ್ನ ಕಳಿಸೋದು, ಅಳ್ತಾ ಇರೋನ ಮೇಲೆ ಜೋರು ಮಾಡೋದು, ಅದು ಕಷ್ಟ. ಕಷ್ಟದ್ದು ಬಿಟ್ಟು ಸಲೀಸಾದ್ದು ಮಾಡ್ಕೊಂಡು, ಅದಕ್ಕೆ ಸೇವೆ ಅಂತ ಹೆಸರಿಟ್ಕೊಂಡಿದ್ದೆ."

ಅಲ್ಲಿಂದ ಮುಂದೆ ಇನ್ನಾಸಪ್ಪ ಬಾವಿಗೆ ಇಳಿಯುವುದನ್ನು ಬಿಟ್ಟ. ಸುನಿಲನಿಗೆ ಹಗ್ಗ, ಸಿಲಿಂಡರ್, ಗಂಟು ಎಲ್ಲವನ್ನೂ ಹಿಂಡಿ ಹಿಪ್ಪೆ ಮಾಡುವಷ್ಟು ಕಲಿಸಿದ. ತಾನು ಠಾಣೆಯ ಅಂಗಳದಲ್ಲಿ ನಿಂತು "ಹಿಂದಕ್ಕೆ ಸರೀರಿ!" ಎಂದು ಕೂಗುವುದನ್ನು ಅಭ್ಯಾಸ ಮಾಡಿದ. ಮೊದಮೊದಲು ಗಂಟಲಿಂದ ಗಾಳಿಯಷ್ಟೇ ಬರುತ್ತಿತ್ತು. ಹುಡುಗರು ಬಾಯಿಗೆ ಟವಲ್ ಅಡ್ಡ ಹಿಡಿದು ನಗುತ್ತಿದ್ದರು. ಊರಲ್ಲಿ ಮಾತು ಬದಲಾಯಿತು. ಇನ್ನಾಸಪ್ಪನಿಗೆ ಪುಕ್ಕಲು ಹತ್ತಿದೆ, ಸಾವು ನೋಡಿ ಎದೆ ಒಡೆದಿದೆ, ಈಗ ಹುಡುಗರನ್ನು ಮುಂದೆ ಬಿಡುತ್ತಾನೆ ಎಂದರು. ಅವನ ಕಿವಿಗೂ ಅದು ಬಿತ್ತು. ತಾಳಿಕೊಂಡ.

ಮರುವರ್ಷದ ಬೇಸಿಗೆಯಲ್ಲಿ ಆ ಹೊಗೆಯ ವಿಷ ನಮ್ಮ ಮನೆಗೇ ಬಂತು. ಮಾಲೇಕಲ್ಲು ಬೆಟ್ಟದ ಬದಿಯಲ್ಲಿ ತೋಟ ಮಾಡಿಕೊಂಡಿದ್ದ ನಂಜುಂಡಯ್ಯ ನನ್ನ ಸೋದರಮಾವನ ಮಗ. ಅವನ ಮಗ ಬಸವಕುಮಾರ್ ಅದೇ ರೀತಿ ಪಂಪ್ ಇಳಿಸಿಕೊಂಡು ಬಾವಿಯಲ್ಲಿ ಬಿದ್ದ. ಸುದ್ದಿ ಕೇಳಿ ನಾನು ಹೋಗುವ ಹೊತ್ತಿಗೆ ಗಾಡಿ ಬಂದಿತ್ತು, ಸುನಿಲ್ ಸಿಲಿಂಡರ್ ಕಟ್ಟಿಕೊಂಡು ಇಳಿಯುತ್ತಿದ್ದ. ಇನ್ನಾಸಪ್ಪ ದಡದಲ್ಲಿ ನಿಂತಿದ್ದ.

ನಂಜುಂಡಯ್ಯ ಪಂಚೆ ಮೇಲಕ್ಕೆ ಕಟ್ಟಿ ಬಾವಿಯ ಕಡೆ ನುಗ್ಗಿದ. ಇನ್ನಾಸಪ್ಪ ಅವನ ಸೊಂಟ ಹಿಡಿದು ಹಿಂದಕ್ಕೆ ಸೆಳೆದ. "ಬಿಡೋ, ನನ್ನ ಮಗ ಕಣೋ!" ಎಂದು ನಂಜುಂಡಯ್ಯ ಅವನ ಮುಖಕ್ಕೆ ಗುದ್ದಿದ. ಮೂಗಿನಿಂದ ರಕ್ತ ಇಳಿಯಿತು. ಸೇರಿದ್ದ ಜನವೆಲ್ಲ ನಂಜುಂಡಯ್ಯನ ಪರ. "ತಾನೂ ಇಳಿಯಲ್ಲ, ಇಳಿಯೋರ್ನೂ ಬಿಡಲ್ಲ. ಎಂಥ ಆಫೀಸರ್ರೋ ಇವನು" ಎಂದು ಯಾರೋ ಕೂಗಿದರು. ಇಬ್ಬರು ಬಂದು ಇನ್ನಾಸಪ್ಪನ ತೋಳು ಬಿಡಿಸಲು ನೋಡಿದರು.

ಆಗ ಅವನು ಕೂಗಿದ. ಅಂಥ ದನಿ ಆ ಎದೆಯಲ್ಲಿತ್ತೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. "ಹಿಂದಕ್ಕೆ ಸರೀರೋ! ಒಬ್ಬ ಮುಂದೆ ಬಂದ್ರೂ ಕೈ ಮುರೀತೀನಿ!" ಜನ ದಂಗಾಗಿ ನಿಂತರು. ಅವನು ನಂಜುಂಡಯ್ಯನನ್ನು ನೆಲಕ್ಕೆ ಕೆಡವಿ, ಬೆನ್ನ ಮೇಲೆ ಮೊಣಕಾಲು ಊರಿ, "ಷಡಕ್ಷರಪ್ಪ, ಆ ಕೈ ಹಿಡಿ! ಏನ್ ನೋಡ್ತೀಯ, ಹಿಡಿಯಯ್ಯಾ!" ಎಂದು ನನಗೂ ಏಕವಚನದಲ್ಲೇ ಗದರಿದ. ನಾನು ಓಡಿ ಹೋಗಿ ಹಿಡಿದುಕೊಂಡೆ. ನಂಜುಂಡಯ್ಯ ಮಣ್ಣು ಕಚ್ಚುತ್ತಾ ಮಗನ ಹೆಸರು ಕೂಗುತ್ತಿದ್ದ. ಒಡಹುಟ್ಟಿದವನಂಥ ಅವನ ಕೈಯನ್ನು ನೆಲಕ್ಕೆ ಬಿಡದೆ ಒತ್ತಿ ಹಿಡಿದೆ. ಇನ್ನಾಸಪ್ಪನ ಕಣ್ಣಿಂದ ನೀರು ಸುರಿಯುತ್ತಿತ್ತು, ಮೊಣಕಾಲು ಮಾತ್ರ ಕದಲಲಿಲ್ಲ.

ಹಗ್ಗ ಜಗ್ಗಿದ ಸನ್ನೆ ಬಂತು. ದೇವರಾಜ್ ಮೇಲೆ ಎಳೆದ. ಬಸವಕುಮಾರ್ ಬಂದ. ಅವನ ತುಟಿ ಕೆಂಪಗೇ ಇತ್ತು, ಮಲಗಿದ ಹಾಗಿದ್ದ. ಹಿಂದೆಯೇ ಮೇಲೆ ಬಂದ ಸುನಿಲ್ ಅವನ ಎದೆ ಒತ್ತಿದ, ಬಾಯಿಗೆ ಗಾಳಿ ಊದಿದ, ನಿಲ್ಲಿಸದೆ ಮಾಡಿದ. ಆಮೇಲೆ ಇನ್ನಾಸಪ್ಪ ಬಂದು ಅವನ ಹೆಗಲ ಮೇಲೆ ಕೈ ಇಟ್ಟು ಸಾಕು ಎಂದ.

ನಂಜುಂಡಯ್ಯ ಎದ್ದು ಬಂದು ಇನ್ನಾಸಪ್ಪನ ಎದುರು ನಿಂತ. ಮುಖದ ತುಂಬ ಮಣ್ಣು. "ನೀನು ಬಿಟ್ಟಿದ್ರೆ ನಾನು ಅವನ್ನ ತತ್ತಿದ್ದೆ. ನಿನ್ನ ದೇವ್ರು ನಿನ್ನ ಕ್ಷಮಿಸ್ಬೋದು. ನಾನು ಈ ಜನ್ಮದಲ್ಲಿ ಕ್ಷಮಿಸಲ್ಲ ಕಣೋ" ಎಂದು ಅವನ ಸಮವಸ್ತ್ರದ ಮೇಲೆ ಉಗಿದ. ನನಗೆ ನಾಲಿಗೆ ತುದಿಗೆ ಬಂತು, ನೀನು ಇಳಿದಿದ್ದರೆ ಇಲ್ಲಿ ಎರಡು ಹೆಣ ಇರುತ್ತಿತ್ತು ಕಣೋ ಎಂದು ಹೇಳಲು. ಇನ್ನಾಸಪ್ಪ ನನ್ನ ಕಡೆ ನೋಡಿ ಬೇಡ ಎಂದು ತಲೆ ಅಲ್ಲಾಡಿಸಿದ.

"ಕ್ಷಮಿಸ್ಬೇಡಿ ಅಣ್ಣಾ" ಎಂದ, ಮತ್ತೆ ಆ ಮೆತ್ತಗಿನ ದನಿಯಲ್ಲೇ. "ಬೈಯ್ಯಿರಿ. ದಿನಾ ಬೈಯ್ಯಿರಿ. ಆದ್ರೆ ಆ ಮಗೀನ ಮುಂದೆ ಬ್ಯಾಡ, ಅದಕ್ಕೆ ಈಗ ನೀವು ಬೇಕು."

ಅವನು ತೋರಿಸಿದ ಕಡೆ ನಂಜುಂಡಯ್ಯ ತಿರುಗಿ ನೋಡಿದ. ಮಗಳು ಹೇಮಾಶ್ರೀ ಸ್ಕೂಲ್ ಬ್ಯಾಗು ಬೆನ್ನ ಮೇಲಿದ್ದ ಹಾಗೆಯೇ ತೆಂಗಿನ ಮರಕ್ಕೆ ಆತು ನಿಂತಿದ್ದಳು. ಅಣ್ಣನನ್ನು ನೋಡಲು ಹೆದರಿ, ಅಪ್ಪನನ್ನೇ ನೋಡುತ್ತಿದ್ದಳು. ನಂಜುಂಡಯ್ಯ ತಡವರಿಸಿಕೊಂಡು ಅವಳ ಹತ್ತಿರ ಹೋದ, ಅವಳು ಅವನ ಪಂಚೆಯಲ್ಲಿ ಮುಖ ಹುದುಗಿಸಿದಳು.