ಬಾಗಿಲು ತೆರೆದಿಟ್ಟು ಮಾಡಿದ ಪರೀಕ್ಷೆ

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಸಾಂಗ್ಲಿಯ ಒಂದು ಬರ್ನರ್ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್. ಮಿರಜದಲ್ಲಿ ಆಸ್ಪತ್ರೆಗಳು ಹೆಚ್ಚಿದಂತೆ ರೋಗಿಗಳ ಕಡೆಯವರಿಗಾಗಿ ಲಾಡ್ಜುಗಳೂ ಏಳುತ್ತಿದ್ದವು. ನೀರು ಕಾಯಿಸುವ ಕಟ್ಟಿಗೆ ಒಲೆ ಕಿತ್ತು ಗ್ಯಾಸ್ ಬರ್ನರ್ ಕೂರಿಸುವುದು ಎಲ್ಲರ ಹೊಸ ಹುಚ್ಚು. ಹೊಗೆ ಅಳೆಯುವ ಮೀಟರು ನನ್ನ ಕೈಯಲ್ಲಿತ್ತು, ಸೊಕ್ಕು ತಲೆಯಲ್ಲಿತ್ತು.

ಅಂಥ ಒಂದು ಲಾಡ್ಜಿನಲ್ಲಿ ಇಪ್ಪತ್ತು ವರ್ಷ ಒಲೆಗೆ ಕಟ್ಟಿಗೆ ಹಾಕಿದವರು ಸಾಂಗ್ಲಿವಾಡಿಯ ಕಲ್ಲಪ್ಪ ಕಾಕಾ. ಬರ್ನರ್ ಬಂದ ಮೇಲೆ ಅವರಿಗೆ ಉಳಿದದ್ದು ಬೆಳಗಿನ ಐದರಿಂದ ಹತ್ತರವರೆಗೆ ಬಾಯ್ಲರ್ ಕೋಣೆಯಲ್ಲಿ ಕೂತು ಜ್ವಾಲೆ ನೋಡಿಕೊಳ್ಳುವ ಕೆಲಸ. ಅದೂ ಹೋದೀತೆಂಬ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ.

ಬರ್ನರ್ ಹೊತ್ತಿಸುವ ದಿನ ಮಾಲೀಕ ಶೇಠಜಿ ಬಾಯ್ಲರ್ ಕೋಣೆಯ ಎರಡೂ ಬಾಗಿಲು ತೆರೆಸಿ ಅಲ್ಲೇ ಪೂಜೆ ಇಟ್ಟುಕೊಂಡಿದ್ದರು. ಗೋಡೆಯಲ್ಲಿ ಹೊಸದಾಗಿ ಮಾಡಿಸಿದ ದೇವರ ಗೂಡಿಗೆ ನಾನೂ ಕೈಮುಗಿದೆ. ಆಮೇಲೆ ಗ್ಯಾಸಿನ ಒತ್ತಡ ಹೊಂದಿಸಿ, ಗಾಳಿ ಹೆಚ್ಚುಕಡಿಮೆ ಮಾಡುವ ಡ್ಯಾಂಪರ್ ತಿರುಗಿಸುತ್ತ ಜ್ವಾಲೆಯನ್ನು ನೀಲಿಗೆ ತಂದೆ. ಚಿಮಣಿಯೊಳಗೆ ಮೀಟರಿನ ಕೊಳವೆ ಇಟ್ಟಾಗ ಕಾರ್ಬನ್ ಮೊನಾಕ್ಸೈಡ್ 38 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 38. ವಾಸನೆಯಿಲ್ಲದ ಈ ವಿಷಾನಿಲ ಅಷ್ಟು ಕಡಿಮೆಯಿದ್ದರೆ ಬರ್ನರ್ ಸರಿಯಾಗಿ ಉರಿಯುತ್ತಿದೆ ಎಂದೇ ಅರ್ಥ. ಸಹಿ ಹಾಕಿದೆ.

ವಾರದಲ್ಲಿ ಫೋನು ಬಂತು, ಕಾಕಾಗೆ ತಲೆನೋವಂತೆ. ನಾನು ಹೋದೊಡನೆ, ಸಾಹೇಬರು ಬಂದರೆಂದು, ಲಾಡ್ಜಿನವರು ಪೂಜೆಯ ದಿನದಂತೆ ಎರಡೂ ಬಾಗಿಲು ತೆರೆದು ಹೊಸ್ತಿಲ ಬಳಿ ಕುರ್ಚಿ ಹಾಕಿದರು, ಚಹಾ ತಂದರು. ಕುರ್ಚಿಯಲ್ಲಿ ಕೂತೇ ಕೊಳವೆಯನ್ನು ಚಿಮಣಿಗೆ ಚಾಚಿ ಅಳೆದೆ. ಮತ್ತೆ 40ರ ಆಸುಪಾಸು.

"ಮುಂಜಾನಿ ತಲಿ ಸಿಡಿತೈತ್ರಿ ಸಾಹೇಬ್ರ, ಕಾಲಾಗ ಜೀವಾನ ಇರೂದಿಲ್ಲ," ಎಂದರು ಕಾಕಾ.

"ಇಪ್ಪತ್ತು ವರ್ಷ ಹೊಗಿ ಕುಡದಾರಲ್ರಿ, ಸ್ವಚ್ಛ ಗಾಳಿ ಹಿಡಸವಲ್ದು," ಎಂದು ನಾನು ಶೇಠಜಿಗೆ ಹೇಳಿದೆ. ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು.

ಶೇಠಜಿ ಮಾತ್ರ ನಗು ನಿಲ್ಲಿಸಿ, "ಇನ್ನೊಮ್ಮಿ ತಲಿ ನೋವಂದ್ರ ಮನ್ಯಾಗ ಮಲ್ಕೊ," ಎಂದರು. ಕಾಕಾ ಮತ್ತೆ ದೂರಲಿಲ್ಲ.

ಹನ್ನೊಂದು ದಿನಗಳ ನಂತರ, ಬೆಳಿಗ್ಗೆ ಬಿಸಿನೀರು ನಿಂತಿತೆಂದು ನೋಡಲು ಹೋದವರಿಗೆ ಕಾಕಾ ಬಾಯ್ಲರ್ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದದ್ದು ಕಂಡಿತು. ಆಸ್ಪತ್ರೆ ನೂರು ಹೆಜ್ಜೆಯಲ್ಲಿತ್ತು. ಜೀವ ಉಳಿಯಿತು.

ಆ ಮಧ್ಯಾಹ್ನ ನಾನು ಬರ್ನರ್ ಹೊತ್ತಿಸಿ, ಮೊದಲ ಸಲ ಬಾಗಿಲು ಹಾಕಿಕೊಂಡು ಒಳಗೆ ನಿಂತೆ. ಬರ್ನರ್ ಸದ್ದು ಗಿರಾಕಿಗಳ ನಿದ್ದೆ ಕೆಡಿಸುತ್ತದೆಂದು ಶೇಠಜಿ ದಿನವೂ ಬಾಗಿಲು ಮುಚ್ಚಿಸುತ್ತಿದ್ದರಂತೆ. ಹದಿನೈದೇ ನಿಮಿಷದಲ್ಲಿ ಗಾಳಿ ಸಾಲದೆ ಜ್ವಾಲೆ ಹಳದಿಗೆ ತಿರುಗಿ ಓಲಾಡತೊಡಗಿತು. ಚಿಮಣಿಯಲ್ಲಿ ಸಾವಿರ ದಾಟಿತ್ತು, ನಾನು ಉಸಿರಾಡುತ್ತಿದ್ದ ಗಾಳಿಯಲ್ಲೇ ನಾನೂರು. ಗಾಳಿ ಬರಲೆಂದು ನಾನು ನಕ್ಷೆಯಲ್ಲಿ ಗುರುತಿಸಿದ ಕಿಂಡಿ ಎಲ್ಲಿ ಎಂದು ಗೋಡೆ ಹುಡುಕಿದೆ. ಅದನ್ನು ಹಿಂದಿನಿಂದ ಇಟ್ಟಿಗೆಯಿಟ್ಟು ಮುಚ್ಚಿ, ಟೈಲ್ಸ್ ಹಾಕಿ, ದೇವರ ಗೂಡು ಮಾಡಿದ್ದರು. ನಾನು ಕೈಮುಗಿದದ್ದು ಅದಕ್ಕೇ.

ಎರಡು ತಿಂಗಳ ನಂತರ ತಪ್ಪೊಪ್ಪಿಕೊಳ್ಳಲು ಸಾಂಗ್ಲಿವಾಡಿಗೆ ಹೋದೆ. ಕಾಕಾ ಅಂಗಳದಲ್ಲಿ ಕೂತಿದ್ದರು. ಪಕ್ಕದಲ್ಲಿದ್ದ ಮಗಳು, "ನನ್ನ ಹೆಸರ ನೆನಪಿಲ್ರಿ ಅಪ್ಪಗ," ಎಂದಳು. ಆದರೆ ನನ್ನ ಕೈಚೀಲ ಕಂಡೊಡನೆ ಅವರು ಗೋಡೆ ಹಿಡಿದು ಎದ್ದು ನಿಂತರು.

"ತಲಿ ನೋಯವಲ್ದರಿ ಸಾಹೇಬ್ರ. ಏನೂ ನೋಯವಲ್ದು. ಶೇಠಜೀಗೆ ಹೇಳ್ರಿ, ಕೆಲಸಾ ಬಿಡಸಬ್ಯಾಡಂತ."

ಅವರನ್ನು ಕೈಹಿಡಿದು ಕೂರಿಸಿ, ತಪ್ಪೊಪ್ಪಿಕೊಳ್ಳದೆಯೇ ಹಿಂತಿರುಗಿದೆ.

ನಿವೃತ್ತನಾಗುವವರೆಗೂ ಮತ್ತೆ ಯಾವ ಬಾಯ್ಲರ್ ಕೋಣೆಯಲ್ಲೂ ಕುರ್ಚಿ ಮುಟ್ಟಲಿಲ್ಲ. ಬಾಗಿಲು ಹಾಕಿಸಿ ಅರ್ಧ ಗಂಟೆ ಒಳಗೆ ನಿಂತ ಮೇಲೆಯೇ ಸಹಿ. ಅದಕ್ಕೂ ಮೊದಲು ಮಾಲೀಕನನ್ನು ಹೊರಗೆ ಕಳಿಸಿ, ದಿನವೂ ಅಲ್ಲಿ ಕೂರುವವನನ್ನು ತಲೆ ನೋಯುತ್ತದೆಯೇ ಎಂದು ಕೇಳುತ್ತಿದ್ದೆ. ಹೌದೆಂದರೆ, ಮೀಟರು ಏನೇ ತೋರಿಸಲಿ, ಅವನನ್ನೇ ನಂಬುತ್ತಿದ್ದೆ.