ಗುರುವಾರದ ರೈಲಿಗೆ ಬರುತ್ತಿದ್ದ ನರ್ಸಬಾಯಿ

ಭಾಲ್ಕಿ, ೯ ಫೆಬ್ರವರಿ ೧೯೫೮, ಭಾನುವಾರ. ಮಧ್ಯಾಹ್ನ ಮೂರಕ್ಕೆ ನಮ್ಮ ಕ್ರೈಸ್ತ ಸಭೆಯ ಪತ್ರಿಕೆಗೆ ಬರೆಯಲು ಕುಳಿತೆ.

ನರ್ಸಬಾಯಿಯವರ ಬೆರಳ ತುದಿಗಳು ಸದಾ ನೀರಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಉಗುರುಗಳನ್ನು ಮಾಂಸದ ಅಂಚಿನವರೆಗೂ ಕತ್ತರಿಸುತ್ತಿದ್ದರು. ಅವರು ಎದ್ದು ಹೋದ ಮೇಲೂ ನಮ್ಮ ಪಡಸಾಲೆಯಲ್ಲಿ ಕೆಂಪು ಸಾಬೂನಿನ ವಾಸನೆ ಉಳಿಯುತ್ತಿತ್ತು. ಬೀದರದ ಆಸ್ಪತ್ರೆಯೊಂದರಲ್ಲಿ ಅವರು ಹೆರಿಗೆ ನೋಡುತ್ತಿದ್ದರು. ಗುರುವಾರದ ರೈಲಿಗೆ ಭಾಲ್ಕಿಗೆ ಬಂದು ಬಸುರಿಯರ ಮನೆಗಳಿಗೆ ಹೋಗುತ್ತಿದ್ದರು.

ಅಕ್ಕನ ಮೊದಲ ಕೂಸು ೧೯೫೫ರ ಬೇಸಿಗೆಯಲ್ಲಿ ಅವರ ಕೈಯಲ್ಲೇ ಹುಟ್ಟಿತು. ಮೂರನೆಯ ದಿನ ತೀರಿಕೊಂಡಿತು. ನಾವೆಲ್ಲ ಮೊಣಕಾಲೂರಿ ಪ್ರಾರ್ಥಿಸಿದ್ದೆವು. ಸಭೆಯವರು ಬಂದು ದೇವರ ಚಿತ್ತ ಅಂದರು. ನರ್ಸಬಾಯಿ ಅಕ್ಕನ ತಲೆ ಬಾಚಿ ಹೋದರು. ಅಂದಿನಿಂದ ಅಕ್ಕ ದೇವಾಲಯಕ್ಕೆ ಬರಲಿಲ್ಲ. ಊಟಕ್ಕೆ ಮುಂಚೆ ನಾವು ಕಣ್ಣು ಮುಚ್ಚಿದರೆ ಅವಳು ರೊಟ್ಟಿ ಮುರಿಯುತ್ತಿದ್ದಳು.

ಮರುವರ್ಷ ಅವಳು ಮತ್ತೆ ಬಸುರಿಯಾದಳು. ನಮ್ಮ ಮನೆಗಳಲ್ಲಿ ಹುಟ್ಟುವ ಕೂಸಿಗೆ ಹೊಸ ಬಟ್ಟೆ ತರುವುದಿಲ್ಲ, ಹಳೆಯ ಸೀರೆಗಳನ್ನು ಸೇರಿಸಿ ತಾಯಿಯೇ ಕೌದಿ ಹೊಲಿಯುತ್ತಾಳೆ. ಮೊದಲಿನ ಕೌದಿ ಕೂಸಿನ ಜೊತೆ ಮಣ್ಣಿಗೆ ಹೋಗಿತ್ತು. ಈ ಸಲ ಅಕ್ಕ ಸೂಜಿ ಮುಟ್ಟಲಿಲ್ಲ.

ನರ್ಸಬಾಯಿ ತಮ್ಮದೇ ಹಳೆಯ ಸೀರೆ ತಂದು ಅವಳ ಪಕ್ಕದಲ್ಲಿ ಕುಳಿತು ಹೊಲಿಯತೊಡಗಿದರು.

"ಯಾರಿಗ್ರಿ ಅದು?" ಅಂದಳು ಅಕ್ಕ.

"ಬರೋರಿಗಿ."

"ಬರದಿದ್ರ?"

"ಬರದಿದ್ರ ನಾ ಹೊದ್ಕೊತೇನಿ ಬಿಡು. ನನಗೂ ಥಂಡಿ ಆಗ್ತದ."

ಅಕ್ಕ ಮುಖ ತಿರುಗಿಸಿದಳು. ಹೊರಡುವಾಗ ಅವರು ಕೌದಿಯನ್ನು ಸೂಜಿ ಚುಚ್ಚಿದಂತೆಯೇ ಇಲ್ಲಿ ಬಿಟ್ಟು ಹೋಗುತ್ತಿದ್ದರು. ಒಂದು ಗುರುವಾರವೂ ತಪ್ಪಿಸಲಿಲ್ಲ. ಅವರು ಬಂದ ದಿನಗಳನ್ನು ನಾನು ದಿನಚರಿಯಲ್ಲಿ ಗುರುತು ಹಾಕಿದ್ದೇನೆ. ದಸರೆಯ ಹೊತ್ತಿಗೆ ಒಂದು ದಿನ ಅವರು ಕೌದಿ ಬಿಡಿಸಿ, ಬೆರಳಿನಿಂದ ಒಂದು ಸಾಲನ್ನು ಸವರಿದರು. ಅವರ ಹೊಲಿಗೆ ಒತ್ತಾದದ್ದು. ಆ ಸಾಲು ಅಕ್ಕನ ಕೈಯ ಉದ್ದನೆಯ ಹೊಲಿಗೆ.

ನವೆಂಬರಿನಲ್ಲಿ ನಾವು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಭಾವ ತಹಸೀಲ ಕಚೇರಿಯ ಗುಮಾಸ್ತರು. ಹಳೆಯ ಸರಕಾರದ ಕಾಗದಗಳನ್ನು ವಿಂಗಡಿಸಲು ಅವರನ್ನು ಕಲಬುರ್ಗಿಗೆ ಕರೆಸಿದ್ದರು. ಅದೇ ವಾರ, ನರ್ಸಬಾಯಿ ಬಂದಿದ್ದ ಗುರುವಾರವೇ ಅಕ್ಕನಿಗೆ ನೋವು ಬಂತು.

"ಬಸುರಾಗಿದ್ದು ಹೈದ್ರಾಬಾದಿನ್ಯಾಗ, ಹಡಿಯೋದು ಮೈಸೂರಿನ್ಯಾಗ," ಎಂದು ಪಕ್ಕದ ಮನೆಯ ಖಾಲಾ ಬಾಗಿಲಲ್ಲಿ ನಿಂತು ನಗಿಸಲು ನೋಡಿದರು. "ಕೂಸು ಯಾವ ಸರಕಾರದ್ದ್ರೀ ಬಾಯಿ?"

"ಮೊದ್ಲು ಅದು ಅಳಲಿ, ಆಮ್ಯಾಗ ಕೇಳೂಣು," ಅಂದರು ನರ್ಸಬಾಯಿ. ಹಿತ್ತಲಲ್ಲಿ ಕೈ ತೊಳೆಯುವಾಗ ಸಾಬೂನು ಎರಡು ಸಲ ಅವರ ಕೈಜಾರಿ ಬಿತ್ತು.

"ನಿಮಗೂ ಅಂಜಿಕಿ ಬರ್ತದೇನ್ರಿ?" ಅಂದೆ.

"ಪ್ರತಿ ಸಲ ಬರ್ತದವ್ವ. ಅಂಜಿಕಿ ಹೋಗಲಿ, ಆಮ್ಯಾಗ ಪ್ರಾರ್ಥನಾ ಮಾಡೂಣು ಅಂದ್ರ, ಅದು ಹೋಗೋದು ಯಾವಾಗ?"

ಹೆಣ್ಣು ಕೂಸು ಹುಟ್ಟಿತು, ಸಣ್ಣಗೆ ಅತ್ತಿತು. ಆದರೆ ನಮ್ಮ ಕಣ್ಣೆಲ್ಲ ಮೂರನೆಯ ದಿನದ ಮೇಲಿತ್ತು. ನರ್ಸಬಾಯಿ ರೈಲು ಹತ್ತದೆ ಉಳಿದರು. ಮೂರನೆಯ ದಿನ ಬೆಳಗಿನಿಂದ ಕೂಸು ಹಾಲು ಕುಡಿಯಲಿಲ್ಲ.

"ಇದು ಉಳೀತದೇನ್ರಿ?" ಅಂದಳು ಅಕ್ಕ.

"ಗೊತ್ತಿಲ್ಲ ತಂಗಿ. ಗೊತ್ತದ ಅಂದ್ರ ಸುಳ್ಳಾಗ್ತದ. ಇಲ್ಲೇ ಕೂಡ್ತೇನಿ, ಅಷ್ಟೇ."

"ಮತ್ತ ನೀವರೇ ಪ್ರಾರ್ಥನಾ ಮಾಡ್ರಿ."

"ನಂದು ನಾ ಮಾಡೀನಿ. ನಿಂದು ನೀ ಮಾಡು."

ನರ್ಸಬಾಯಿ ಕೂಸನ್ನು ಅಕ್ಕನ ಮಡಿಲಲ್ಲಿ ಇಟ್ಟರು. ಆಮೇಲೆ ಅಕ್ಕ ಗೋಡೆಯ ಕಡೆ ನೋಡುತ್ತ, "ನಿನ್ನ ಮ್ಯಾಲ ಸಿಟ್ಟದ ನಂದು. ಆದ್ರೂ ಕೇಳ್ತೇನಿ. ಇದೊಂದು ಇರಲಿ, ಸ್ವಾಮಿ," ಅಂದಳು. ನರ್ಸಬಾಯಿ ಆಮೆನ್ ಎಂದು ಹತ್ತಿಯಲ್ಲಿ ಹಾಲು ಅದ್ದಿ ಕೂಸಿನ ತುಟಿಗೆ ಹಚ್ಚಿದರು, ಮತ್ತೆ ಹಚ್ಚಿದರು. ಸಂಜೆಗೆ ಅದು ಚೀಪತೊಡಗಿತು.

ಕೂಸು ಉಳಿದದ್ದಕ್ಕೆ ತನಗೆ ನಂಬಿಕೆ ಬಂತೆಂದು ಅಕ್ಕ ಎಂದೂ ಹೇಳುವುದಿಲ್ಲ. "ಗೊತ್ತಿಲ್ಲ ಅಂದು ಎದ್ದು ಹೋಗಲಿಲ್ಲ ನೋಡು ಅವ್ರು, ಅವತ್ತೇ ಬಂತು," ಅನ್ನುತ್ತಾಳೆ.

ಕಳೆದ ತಿಂಗಳು ನರ್ಸಬಾಯಿ ಜ್ವರದಿಂದ ಬೀದರದಲ್ಲಿ ತೀರಿಕೊಂಡರು. ಮಣ್ಣು ಕೊಡಲು ರಕ್ತಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂದು ಪಾದ್ರಿಗಳು ಕೇಳಿದರು. ಯಾರೂ ಮುಂದೆ ಬರಲಿಲ್ಲ. ಅಕ್ಕ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಮೊದಲ ಹಿಡಿ ಹಾಕಿದಳು.

ಅವರು ಔರಾದ ತಾಲೂಕಿನ ಸಂತಪುರದ ಕಡೆಯವರೆಂದು ಒಬ್ಬರು ಹೇಳುತ್ತಾರೆ, ಇಲ್ಲವೆಂದು ಇನ್ನೊಬ್ಬರು. ನಮ್ಮ ಮನೆಯ ಎಲ್ಲವನ್ನೂ ಬಲ್ಲ ಅವರನ್ನು, ನೀವು ಯಾರ ಮಗಳು ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಓದಿದವರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಅವರ ತಾಯಿ ಇನ್ನೂ ಇದ್ದರೆ, ಅಕ್ಕ ಮಗಳನ್ನು ಕರೆದುಕೊಂಡು ಹೋಗಿ ಅವರ ಮುಂದೆ ಕೂಡಬೇಕೆಂದಿದ್ದಾಳೆ.