ಸುಳ್ಳು ಕಿವಿಗುರುತು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಳೆದ ವಾರ ಸಿಂದಗಿಯ ನಮ್ಮ ಕಾಲೇಜಿನಲ್ಲಿ, ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿರುವ ಹುಡುಗಿ ಹಳೇ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟಳು. ಅದೇ ವಾಸನೆ. ಹೊದಿಕೆಯ ಮೇಲೆ ಅವರದೇ ಹೆಸರು… ನನ್ನ ಗೈಡ್ ಸಾಹೇಬರದು.

ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಅವರು ಬೀರು ತೆರೆದರೆ ಈ ವಾಸನೆ ಕೋಣೆ ತುಂಬುತ್ತಿತ್ತು. ವಿದ್ಯಾರ್ಥಿಗಳು ಬರೆದು ಕೊಟ್ಟದ್ದೆಲ್ಲ ಆ ಬೀರುವಿನೊಳಗೆ, ಕೀಲಿ ಅವರ ಜೇಬಿನಲ್ಲಿ. ನಾನು ನಮ್ಮೂರು ಗೊಳಸಂಗಿಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಹೊತ್ತು ಹೋಗುತ್ತಿದ್ದೆ. ರೊಟ್ಟಿ ಒಳಗೆ ಹೋಗುತ್ತಿತ್ತು, ನಾನು ಬಾಗಿಲಲ್ಲೇ ಉಳಿಯುತ್ತಿದ್ದೆ. "ನಿಮ್ಮ ಕಡೆ ಕನ್ನಡ ಕೇಳಿದರೆ ಜಗಳಕ್ಕೆ ಬಂದ ಹಾಗಿರುತ್ತಪ್ಪ" ಎಂದು ನಗುತ್ತಿದ್ದರು. ನಾನೂ ಹಲ್ಲು ಕಿಸಿಯುತ್ತಿದ್ದೆ.

ನನ್ನ ವಿಷಯ ಕುರಿಗಾರರ ಬದುಕು. ಯಾವ ಕುರಿ ಯಾರದೆಂದು ತಿಳಿಯಲು ಅವರು ಕಿವಿ ಕೊಯ್ದು ಗುರುತು ಮಾಡುತ್ತಾರೆ; ಮನೆತನಕ್ಕೊಂದು ಗುರುತು. ನಮ್ಮೂರ ಹತ್ತಿರದ ಮಸೂತಿ ಎಂಬ ಹಳ್ಳಿಯ ಕುರಿಗಾರ ಅಜ್ಜನೊಬ್ಬ, ಊರಿಗೆಲ್ಲ ಮುತ್ತ್ಯಾ, ಹೇಳಿದ್ದನ್ನೆಲ್ಲ ಚಿತ್ರ ಬಿಡಿಸಿ ಒಂದು ಅಧ್ಯಾಯ ಬರೆದುಕೊಟ್ಟೆ. ಅದು ಬೀರು ಸೇರಿತು.

ಮರುವರ್ಷ ಮುತ್ತ್ಯಾ ನನ್ನ ಚಿತ್ರಗಳನ್ನು ನೋಡಿ ಬಿದ್ದು ಬಿದ್ದು ನಕ್ಕ.

"ಖರೇ ಗುರುತು ಹೊರಗಿನವ್ರಿಗೆ ಹೇಳ್ತಾರೇನೋ ತಮ್ಮಾ? ಕಳ್ಳರು ಕಿವಿ ಇನ್ನಷ್ಟು ಕೊಯ್ದು ತಮ್ಮದ ಅಂತಾರ. ಅವತ್ತ ನಿನ್ನ ಕೈಯಾಗ ಟೇಪಿನ ಡಬ್ಬಿ ಇತ್ತು. ಅದು ಯಾರ ಮುಂದ ಬಾಯಿ ಬಿಡ್ತೈತೋ ಯಾರಿಗ್ಗೊತ್ತು! ಈಗ ಎಲ್ಲಾರೂ ಕುರಿ ಮಾರಿ ಕುಂತಾರ, ಬರ್ಕೊ."

ನಿಜವಾದ ಗುರುತುಗಳನ್ನು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ತೋರಿಸಿದ; ನಾನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ತಿದ್ದಿದ ಅಧ್ಯಾಯವನ್ನು ಸಾಹೇಬರು ಮುಟ್ಟಲೇ ಇಲ್ಲ. "ಅದನ್ನ ತೆಗೆದುಬಿಡಪ್ಪ, ನಿನ್ನ ಪ್ರಬಂಧಕ್ಕೆ ಹೊಂದಲ್ಲ" ಎಂದರು. ಆರು ತಿಂಗಳಿಗೆ ಬೀರುವಿನಲ್ಲಿದ್ದ ಆ ಮೊದಲ ಬರಹ ಅವರ ಹೆಸರಿನ ಪುಸ್ತಕದಲ್ಲಿ ಬಂತು. ಚಿತ್ರಗಳೂ ನನ್ನ ಕೈಯವೇ. ಮುನ್ನುಡಿಯಲ್ಲಿ ನನ್ನ ಹೆಸರು ಹುಡುಕಿದೆ… ಇರಲಿಲ್ಲ. ಅವರ ಸಹಿ ಇಲ್ಲದೆ ಪದವಿ ಇಲ್ಲ, ಬಾಯಿ ಹೊಲಿದುಕೊಂಡೆ.

ಪದವಿ ಬಂದ ಮೇಲೂ ಸುಮ್ಮನಿದ್ದೆ, ಬೇಕೆಂದೇ. ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದರು. ಕದ್ದದ್ದು ಸುಳ್ಳನ್ನು ಎಂದು ಅವರಿಗೇನು ಗೊತ್ತು! ಯಾರಾದರೂ ಆ ಪುಸ್ತಕ ಹೊಗಳಿದರೆ ನನಗೆ ಹೋಳಿಗೆ ಉಂಡಷ್ಟು ಸಂತೋಷ. ಅವರೂ ಕೂತಿರುವ ತುಂಬಿದ ಸಭೆಯಲ್ಲಿ ಎದ್ದು ನಿಂತು ಅವರ ಮಾನ ಹರಾಜು ಹಾಕಬೇಕೆಂದು ವರ್ಷಗಟ್ಟಲೆ ಕಾದೆ. ಆಡುವ ಮಾತುಗಳನ್ನೂ ಬಾಯಿಪಾಠ ಮಾಡಿದ್ದೆ. ಹೋದ ವರ್ಷ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಅದೇ ಪುಸ್ತಕವನ್ನು ಕೊಂಡಾಡಿದರು. ಸತ್ತವರ ಜೊತೆ ಎಂಥ ಜಗಳ… ಬಸ್ಸು ಹತ್ತಿ ಬಂದುಬಿಟ್ಟೆ.

ಹುಡುಗಿ ತಾನು ಬರೆದ ಅಧ್ಯಾಯ ತೆರೆದಳು. ಸುಳ್ಳು ಗುರುತುಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಅವಳು ಆ ಮುತ್ತ್ಯಾನ ಮೊಮ್ಮಗಳು.

"ಮುತ್ತ್ಯಾ ಹ್ವಾದ ಮ್ಯಾಲೆ ಮನ್ಯಾಗ ಯಾರಿಗೂ ನೆಪ್ಪಿಲ್ರಿ ಸರ್. ನಮ್ಮ ಗುರುತು ಈ ಬುಕ್ಕಿನ್ಯಾಗರೆ ಸಿಕ್ಕಾವ ನೋಡ್ರಿ" ಎಂದಳು. ಅವಳ ಮುಖದಲ್ಲಿ ಅಷ್ಟು ಹಿಗ್ಗು.

ಎದ್ದು ನನ್ನ ಬೀರುವಿನ ಕೀಲಿ ತೆಗೆದೆ. ಹಳೇ ನೋಟ್‌ಬುಕ್ಕು ಹುಳ ಹಿಡಿಯದಿರಲೆಂದು ನಾನೂ ನುಸಿಗುಳಿಗೆ ಇಟ್ಟಿದ್ದೆ. ವಾಸನೆ ಕೋಣೆ ತುಂಬಿತು. ನಡೆದದ್ದನ್ನು ಹೇಳಿ ನೋಟ್‌ಬುಕ್ಕು ಅವಳ ಕೈಗಿಟ್ಟೆ. ಅವಳು ಗುರುತುಗಳ ಮೇಲೆ ಬೆರಳಾಡಿಸಿದಳು.

"ಇವು ನಿಮ್ಮ ಹತ್ರ ಇದ್ದುವಂದ್ರ ಇಷ್ಟ ವರ್ಷ ಯಾಕ ಸುಮ್ನಿದ್ರಿ ಸರ್?"

ಬಾಯಿಪಾಠ ಮಾಡಿದ ಒಂದು ಮಾತೂ ಅವಳಿಗೆ ಹೇಳುವಂಥದ್ದಾಗಿರಲಿಲ್ಲ. ಗುರುತು ತಿದ್ದಿಕೊಂಡು ಚಿತ್ರಗಳ ಕೆಳಗೆ ನಿನ್ನ ಮುತ್ತ್ಯಾನ ಹೆಸರು ಬರಿ ಎಂದಷ್ಟೇ ಹೇಳಿದೆ.